ಇಲ್ಲದ ನಾಲ್ಕು ಪುಟ

ಓದಿಕೊಳ್ಳದೆ ಓದಲು ಕೂರುವುದು ಆ ಕಸುಬಿನಲ್ಲಿ ದೊಡ್ಡ ತಪ್ಪು. ಕೇಳುಪುಸ್ತಕಕ್ಕೆ ದನಿ ಕೊಡುವವರು ಮೈಕಿನ ಮುಂದೆ ಕೂರುವ ಮೊದಲು ಪುಸ್ತಕವನ್ನು ಪೂರ್ತಿ ಒಮ್ಮೆ ಓದಿಕೊಂಡಿರಬೇಕು. ಇಲ್ಲದಿದ್ದರೆ ಮುಕ್ಕಾಲು ಪುಸ್ತಕ ಒಬ್ಬನಿಗೆ ಹಾಲಿನಂಥ ದನಿ ಕೊಟ್ಟಾದ ಮೇಲೆ ‘ಅವನು ಎಂದಿನ ಗೊಗ್ಗರು ದನಿಯಲ್ಲಿ’ ಎಂಬ ಸಾಲು ಎದುರಾಗಿ ಹಣೆ ಚಚ್ಚಿಕೊಳ್ಳಬೇಕಾಗುತ್ತದೆ. ಹೊಸಬರಿಗೆಲ್ಲ ಈ ಬುದ್ಧಿ ಹೇಳುತ್ತಿದ್ದವಳು ಕೀರಲಿಯೇ. ಆದರೆ ‘ಉಪ್ಪಿನ ಕೋಟೆ’ಯ ಮೊದಲ ಭಾಗ ಕೈಗೆ ಬಂದಾಗ ಅವಳು ಪುಟ ತಿರುವಲೂ ಇಲ್ಲ. ಸ್ವಂತ ಅಮ್ಮನ ಹೆಸರನ್ನು ಯಾರಾದರೂ ಚೀಟಿ ನೋಡಿ ಹೇಳುತ್ತಾರಾ?

ಕೀರಲಿ ಎಂಬುದು ಅಕ್ಕ ಇಟ್ಟ ಅಡ್ಡಹೆಸರು. ಎಣ್ಣೆ ಕಾಣದ ಬಾಗಿಲಿನಂಥ ದನಿ ಆಗ. ಈಗ ಅದೇ ಗಂಟಲು ಅನ್ನ ಹಾಕುತ್ತಿತ್ತು; ಹೆಸರು ಮಾತ್ರ ಅಂಟಿಕೊಂಡೇ ಇತ್ತು.

‘ಉಪ್ಪಿನ ಕೋಟೆ’ ಐದು ಭಾಗದ ದಪ್ಪ ಕತೆ. ದೀಪ ಕಾಯುವ ಕಿಡಿ ಎಂಬ ಹುಡುಗಿ, ಅವಳನ್ನು ಸಮುದ್ರದ ನಡುವಿನ ಕೋಟೆಗೆ ಎತ್ತಿಕೊಂಡು ಹೋಗುವ ಉಪ್ಪರಸ. ಅವನಿಗೆ ಮುನ್ನೂರು ವರ್ಷ, ಮುಖ ನೋಡಿದರೆ ಇಪ್ಪತ್ತೈದು. ಕೀರಲಿಯ ಓರಗೆಯ ಹುಡುಗಿಯರೆಲ್ಲ ಅದನ್ನು ಊಟ ತಿಂಡಿ ಬಿಟ್ಟು ಓದಿದವರೇ. ಮನೆಯಲ್ಲಿದ್ದ ಐದೂ ಭಾಗ ಮೊದಲು ಅಕ್ಕನದು, ಆಮೇಲೆ ಅವಳದು. ಮೊದಲ ಭಾಗದಲ್ಲಿ, ಉಪ್ಪರಸ ಕಿಡಿಯನ್ನು ಗೋಪುರಕ್ಕೆ ಕರೆದೊಯ್ಯುವ ಕಡೆ, ನಾಲ್ಕು ಪುಟ ಇರಲಿಲ್ಲ.

“ಇಲಿ ತಿಂದುಬಿಡ್ತು ಕಣೇ,” ಎಂದಿದ್ದಳು ಅಕ್ಕ. ಇಲಿ ಸ್ಕೇಲಿಟ್ಟು ತಿಂದ ಹಾಗೆ ಅಂಚು ನೆಟ್ಟಗಿತ್ತು. ಹನ್ನೊಂದರ ಹುಡುಗಿಗೆ ಅದು ಹೊಳೆಯಲಿಲ್ಲ. ಮುಂದೇನಾಯಿತು ಎಂಬುದೊಂದೇ ಅವಳಿಗೆ ಬೇಕಿದ್ದದ್ದು. ಅಕ್ಕ ಬಾಯಲ್ಲೇ ಹೇಳಿದಳು: ಅವನು ಕೈ ಹಿಡಿದ. ಕಿಡಿ ಅವನ ಕೈಯನ್ನು ಮೂಳೆ ಸಿಗುವವರೆಗೆ ಕಚ್ಚಿ ಕಿರುಚುತ್ತ ಓಡಿದಳು. ಆಮೇಲೆ ಕೂತು ಯೋಚಿಸಿ, ಇವನನ್ನು ಒಳಗಿಂದಲೇ ಮುಗಿಸಬೇಕು ಎಂದುಕೊಂಡು, ಪ್ರೀತಿಯ ನಾಟಕ ಆಡುತ್ತ ಅವನ ಅರಮನೆಯಲ್ಲೇ ಉಳಿದಳು.

ಹೀಗಾಗಿ ಕೀರಲಿ ಉಳಿದ ಎರಡು ಸಾವಿರ ಪುಟವನ್ನು ಸೇಡಿನ ಕತೆಯೆಂದೇ ಓದಿದಳು. ‘ನೀನಿಲ್ಲದೆ ನನಗೆ ಉಸಿರಿಲ್ಲ’ ಎಂದು ಕಿಡಿ ಹೇಳಿದಾಗಲೆಲ್ಲ ‘ಆಹಾ, ಏನು ಆಕ್ಟಿಂಗು!’ ಎಂದು ಮೆಚ್ಚಿಕೊಂಡಳು. ಐದನೇ ಭಾಗದ ಕೊನೆಯಲ್ಲಿ ಉಪ್ಪರಸ ಅವಳ ತೊಡೆಯ ಮೇಲೆ ಕರಗಿ ಸಾಯುವಾಗ ಬೇರೆ ಹುಡುಗಿಯರು ದಿಂಬು ಒದ್ದೆ ಮಾಡಿಕೊಂಡರಂತೆ. ಇವಳು ಮಂಚದ ಮೇಲೆ ನಿಂತು ಚಪ್ಪಾಳೆ ತಟ್ಟಿದ್ದಳು.

ಧ್ವನಿಪರೀಕ್ಷೆಗೆ ಮೂರನೇ ಭಾಗದ ಒಂದು ಪ್ರೇಮದ ದೃಶ್ಯವನ್ನು ಓದಿ ಕಳಿಸಿದ್ದಳು. ಸ್ಟುಡಿಯೋ ನಡೆಸುವ ಮೇಡಂ ಕುರ್ಚಿಯಿಂದ ಎದ್ದೇ ಫೋನ್ ಮಾಡಿದ್ದರು. “ಸಿಹಿ ಮಾತಿನ ಕೆಳಗೆ ಒಂದು ಚಾಕು ಇದೆಯಲ್ಲ ರೀ! ಇದು ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಐದೂ ಭಾಗ ನಿಮ್ಮದೇ.” ಐದು ಭಾಗವೆಂದರೆ ಎರಡು ವರ್ಷದ ಕೆಲಸ, ಮುಖಪುಟದ ಮೇಲೆ ಹೆಸರು. ಅಡುಗೆ ಪಾತ್ರೆಯ ಜಾಹೀರಾತು, ಲಿಫ್ಟಿನ ‘ಬಾಗಿಲು ಮುಚ್ಚುತ್ತಿದೆ’ ಓದಿ ಓದಿ ಸಾಕಾಗಿದ್ದವಳಿಗೆ ಇನ್ನೇನು ಬೇಕು?

ನಾಲ್ಕನೇ ದಿನ ಆ ಗೋಪುರ ಬಂತು.

ಬೂತ್ ಎಂದರೆ ಬೀರುವಿಗಿಂತ ಸ್ವಲ್ಪ ದೊಡ್ಡ ಗೂಡು. ಗೋಡೆಗೆ ಬೂದು ಸ್ಪಂಜು, ಎದುರಿಗೆ ಗಾಜು, ಗಾಜಿನಾಚೆ ರೆಕಾರ್ಡಿಂಗ್ ಎಂಜಿನಿಯರ್. ಆತ ಕೀರಲಿಯ ಹೊಟ್ಟೆ ಗುರುಗುಟ್ಟಿದರೂ ರೆಕಾರ್ಡಿಂಗ್ ನಿಲ್ಲಿಸುವ ಮನುಷ್ಯ. ಅವಳು ತೆರೆಯ ಮೇಲಿನ ಪುಟ ಸರಿಸಿದಳು. ಮುಂದೆ ಹುಡುಗಿ ಕಚ್ಚುತ್ತಾಳೆ. ಉಸಿರು ಗಟ್ಟಿಯಾಗಿ ಎಳೆದುಕೊಂಡಳು.

ಕಚ್ಚಲಿಲ್ಲ. ಉಪ್ಪರಸ ಕಿಡಿಯ ಮಣಿಕಟ್ಟು ಹಿಡಿದ. ಕಿಡಿ ಬೇಡ ಎಂದಳು. ಅವನು ನಕ್ಕ. ಬಾಯಿ ಬೇಡವೆಂದರೂ ನಾಡಿ ಬೇರೆಯೇ ಹೇಳುತ್ತಿತ್ತು ಎಂದು ಬರೆದವರು ಅವನ ಪರವಾಗಿ ಸಮಜಾಯಿಷಿ ಕೊಟ್ಟಿದ್ದರು. ಕೀರಲಿ ಕಸುಬಿನ ಗುಣಕ್ಕೆ ಓದುತ್ತಲೇ ಹೋದಳು. ಕಣ್ಣು ಮುಂದೆ, ನಾಲಗೆ ಹಿಂದೆ.

“‘ನಿನ್ನ ನಾಡಿಯಲ್ಲಿ ಬೆಂಕಿ ಓಡುತ್ತಿದೆ, ಕೇಳಿಸುತ್ತಾ? ನಿನ್ನ ವಯಸ್ಸಿನ ಬೇರೆಯವರಿಗೆ ಇದು ಅರ್ಥವಾಗುವುದಿಲ್ಲ. ನೀನು…’”

ಅಲ್ಲಿಗೆ ನಾಲಗೆ ನಿಂತಿತು. ಮುಂದಿನ ಮಾತು ‘ನೀನು ಜಾಣೆ’ ಎಂದು ಅವಳಿಗೆ ಗೊತ್ತಿತ್ತು. ಪುಟ ಸರಿಸಿದಳು. ‘ನೀನು ಜಾಣೆ’ ಎಂದೇ ಇತ್ತು.

ಜನ್ಮದಲ್ಲಿ ಓದದ ಸಾಲು ಅದು. ಕೇಳಿದ ಸಾಲು. ಊಟದ ಮೇಜು, ತೆರೆದಿಟ್ಟ ಲೆಕ್ಕದ ಪುಸ್ತಕ, ಅಡುಗೆಮನೆಯಲ್ಲಿ ಅಮ್ಮ ಕಪ್ಪು ತೊಳೆಯುವ ಸದ್ದು. ಮನೆಗೆ ಬಂದು ಪಾಠ ಹೇಳುತ್ತಿದ್ದ ಲೆಕ್ಕದ ಮೇಷ್ಟ್ರು ಅವಳ ಮಣಿಕಟ್ಟು ಹಿಡಿದು, ಇದೇ ಮಾತನ್ನು, ಇದೇ ಕ್ರಮದಲ್ಲಿ, ಪಾಠ ಒಪ್ಪಿಸಿದ ಹಾಗೆ ಹೇಳಿದ್ದರು.

“ಮೇಡಂ, ಬಾಯಿ ಒಣಗಿದೆ, ಚಟಚಟ ಅಂತಿದೆ,” ಎಂದ ಎಂಜಿನಿಯರ್ ಹೆಡ್‌ಫೋನಿನಲ್ಲಿ. “ನೀರು ಕುಡೀರಿ. ಮತ್ತೆ ‘ನಿನ್ನ ನಾಡಿಯಲ್ಲಿ’ ಇಂದ ತಗೊಳೋಣ.”

ಕೀರಲಿ ನೀರು ಕುಡಿಯಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದಳು, ಚಪ್ಪಲಿ ಮೆಟ್ಟಿದಳು, ಮೆಟ್ಟಿಲಿಳಿದಳು. “ಬಾತ್‌ರೂಮ್ ಆ ಕಡೆ,” ಎಂದು ಆತ ಹಿಂದಿನಿಂದ ಕೂಗುತ್ತಿದ್ದ.

ಮನೆಯವರಿಗೆ ಅದೊಂದು ಹಳೇ ತಮಾಷೆ. ಹನ್ನೆರಡರ ವಯಸ್ಸಿನಲ್ಲಿ ಕೀರಲಿ ಲೆಕ್ಕದ ಮೇಷ್ಟ್ರ ಕೈ ಕಚ್ಚಿದ್ದಳು. ಮೇಷ್ಟ್ರು ಇಂಜೆಕ್ಷನ್ ಹಾಕಿಸಿಕೊಳ್ಳಬೇಕಾಯಿತು, ಅಮ್ಮ ಇವಳ ಕೆನ್ನೆಗೆ ಬಾರಿಸಿದರು, ಮೇಷ್ಟ್ರು ಮತ್ತೆ ಬರಲಿಲ್ಲ. ನೆಂಟರು ಸೇರಿದಾಗಲೆಲ್ಲ ಚಿಕ್ಕಪ್ಪ “ಇವಳ ಹತ್ತಿರ ಲೆಕ್ಕ ಕೇಳಬೇಡ್ರಪ್ಪೋ, ಬೆರಳು ಉಳಿಯಲ್ಲ!” ಎನ್ನುತ್ತಿದ್ದ. ಕೀರಲಿಯೇ ಎಷ್ಟೋ ಸಲ ಅದನ್ನು ದನಿ ಬದಲಿಸಿ ಬದಲಿಸಿ ಹೇಳಿ ಎಲ್ಲರನ್ನೂ ನಗಿಸಿದ್ದಳು. ಲೆಕ್ಕ ಕಂಡರೆ ಆಗುತ್ತಿರಲಿಲ್ಲ, ಅದಕ್ಕೇ ಕಚ್ಚಿದೆ ಎಂದು ಹೇಳಿ ಹೇಳಿ ತಾನೂ ಅದನ್ನೇ ನಂಬಿದ್ದಳು.

ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ನೆಲಮಾಳಿಗೆ, ಉಗಿ, ಬ್ಲೀಚಿನ ಘಾಟು. ಆಳೆತ್ತರದ ಯಂತ್ರಗಳಲ್ಲಿ ವಾರ್ಡಿನ ಹಾಸುಗಳು ಧಡಧಡ ತಿರುಗುತ್ತಿದ್ದವು. ತಂಗಿಯನ್ನು ಕಂಡದ್ದೇ ಅಕ್ಕ ಕೂಗಿದಳು, “ಏನೇ ಕೀರಲಿ, ಮೈಕು ಮುರಿದು ಬಂದ್ಯಾ?”

“ಆ ಪುಸ್ತಕದಲ್ಲಿ ಕಿಡಿ ಕಚ್ಚಲ್ಲ.”

ಅಕ್ಕನ ಮುಖ ಬದಲಾಗಲಿಲ್ಲ. ಒಂದು ಹಾಸಿನ ಎರಡು ಮೂಲೆ ಹಿಡಿದು ಇನ್ನೆರಡು ಮೂಲೆಯನ್ನು ತಂಗಿಯ ಕೈಗೆ ಎಸೆದಳು. “ಹಿಡ್ಕೊ. ಸುಮ್ಮನೆ ನಿಂತೋರಿಗೆ ಇಲ್ಲಿ ಜಾಗ ಇಲ್ಲ.”

ಇಬ್ಬರೂ ಹಾಸು ಜಗ್ಗಿ ಮಡಚತೊಡಗಿದರು.

“ಪುಸ್ತಕ ಕೊಟ್ಟಿದ್ಯಾರು ನಿಂಗೆ?”

“ಯಾರೋ ಫ್ರೆಂಡು.”

“ಅಕ್ಕಾ.”

ಯಂತ್ರವೊಂದು ನೀರು ಹಿಂಡುವ ಹಂತಕ್ಕೆ ಬಂದು ಇಡೀ ಕೋಣೆ ನಡುಗಿತು. ಆ ಸದ್ದಿನೊಳಗೆ ಅಕ್ಕ ಬಾಯಿಬಿಟ್ಟಳು. “ಲೆಕ್ಕದ ಮೇಷ್ಟ್ರು. ಐದೂ ಅವರೇ ತಂದುಕೊಟ್ಟಿದ್ದು. ಕಿಡಿ ಅಂದ್ರೆ ನೀನೇ ಅಂತ ಹೇಳಿ ಕೊಟ್ರು. ಆ ನಾಲ್ಕು ಪುಟಕ್ಕೆ ಪೆನ್ಸಿಲಲ್ಲಿ ಗೆರೆ ಎಳೆದು ಕೊಟ್ರು.”

“ಕೊಟ್ರು, ಎಳೆದ್ರು! ಇನ್ನೂ ಬಹುವಚನ ಬೇರೆ ಅವನಿಗೆ!”

“ಬಾಯಿಗೆ ಅಭ್ಯಾಸ. ಏನ್ಮಾಡ್ಲಿ?”

ಯಂತ್ರ ನಿಂತಿತು. ಅಕ್ಕ ಬಾಯಿ ಮುಚ್ಚಿ ಇನ್ನೊಂದು ಹಾಸು ತೆಗೆದಳು. ಪಕ್ಕದ ಯಂತ್ರ ಗಡಗಡಿಸಲು ಶುರುವಾದಮೇಲೇ ಮುಂದಿನ ಮಾತು.

“ಒಂದು ವರ್ಷ ಕಣೆ. ನಂಗೆ ಹದಿನಾರು. ಅಮ್ಮ ಕಾಫಿ ಮಾಡಕ್ಕೆ ಒಳಗೆ ಹೋದಾಗ, ಅಮ್ಮನಿಗೆ ಡ್ಯೂಟಿ ಇದ್ದಾಗ. ಸರಿ ಅಲ್ಲ ಅಂತ ಹೊಟ್ಟೆಯೊಳಗೆ ಗೊತ್ತಿತ್ತು. ಆದ್ರೆ ಪುಸ್ತಕದಲ್ಲಿ ಹಾಗೇ ಇತ್ತಲ್ಲ. ಕ್ಲಾಸಿನವರೆಲ್ಲ ಅದನ್ನ ಓದಿ ನಿಟ್ಟುಸಿರು ಬಿಡ್ತಿದ್ರಲ್ಲ. ನಾನೇ ದಡ್ಡಿ, ನಂಗೇ ಖುಷಿ ಪಡೋಕೆ ಬರ್ತಿಲ್ಲ ಅಂದ್ಕೊಂಡೆ.”

ಕೀರಲಿಯ ಕೈಯಿಂದ ಹಾಸು ಜಾರಿತು. ಅಕ್ಕ ಅದನ್ನು ಎತ್ತಿ, ಕೊಡವಿ, ಮತ್ತೆ ಅವಳ ಕೈಗೇ ಕೊಟ್ಟಳು.

“ಆಮೇಲೆ ನನ್ನ ಪರೀಕ್ಷೆ ಮುಗೀತು. ಮುಂದಿನ ವರ್ಷದಿಂದ ನಿಂಗೆ ಪಾಠ ಅಂತ ಅಮ್ಮ ಹೇಳಿದ್ಲು. ಅವತ್ತೇ ಬ್ಲೇಡ್ ತಗೊಂಡೆ.”

“ನೇರವಾಗಿ ಹೇಳಬಾರದಿತ್ತಾ? ಹುಷಾರಾಗಿರು ಅಂತ?”

“ನಿಂಗಾ? ನೇರವಾಗಿ ಹೇಳಿದ್ದನ್ನ ಯಾವತ್ತು ಕೇಳಿದ್ದೆ ನೀನು? ಹಲ್ಲುಜ್ಜು ಅಂದ್ರೂ ಹನ್ನೆರಡು ಪ್ರಶ್ನೆ. ಕತೆ ಅಂದ್ರೆ ಮಾತ್ರ ಬಾಯಿ ಕಳ್ಕೊಂಡು ಕೇಳ್ತಿದ್ದೆ. ಅದಕ್ಕೇ ಮೂಳೆ ಸಿಗೋವರೆಗೆ ಅಂತ ಒತ್ತಿ ಒತ್ತಿ ಹೇಳಿದ್ದು.”

ಕೀರಲಿಗೆ ನಗು ಬಂದ ಹಾಗಾಯಿತು, ಬಂದದ್ದು ಬೇರೇನೋ. “ಮತ್ತೆ ನೀನ್ಯಾಕೆ ಕಚ್ಚಲಿಲ್ಲ?”

“ನಾನು ಪೂರ್ತಿ ಪುಸ್ತಕ ಓದಿದ್ದೆನಲ್ಲೇ,” ಎಂದಳು ಅಕ್ಕ.

ಹಾಸು ಮುಗಿದು ದಿಂಬಿನ ಚೀಲಗಳ ಸರದಿ ಬಂತು. ಅಕ್ಕ ಕೇಳಿದಳು, “ನಾಳೆ ಅದನ್ನ ಓದ್ತೀಯಾ?”

“ಓದದಿದ್ರೆ ಐದೂ ಭಾಗ ಹೋಗುತ್ತೆ. ಒಂದಕ್ಷರ ಬದಲಿಸೋ ಹಾಗಿಲ್ಲ. ನಾನು ಬಿಟ್ರೆ ಇನ್ಯಾರೋ ಇನ್ನೂ ಸಕ್ಕರೆ ಸುರಿದು ಓದ್ತಾರೆ.”

“ಓದಲಿ. ಜಗತ್ತಿನ ಬಾಯಿ ಮುಚ್ಚಿಸೋಕೆ ನಾನ್ಯಾರು? ನಿನ್ನ ಗಂಟಲಲ್ಲಿ ಬೇಡ, ಅಷ್ಟೇ.” ಅಕ್ಕ ತಳ್ಳುಗಾಡಿಯ ಬ್ರೇಕನ್ನು ಕಾಲಿನಿಂದ ಒದ್ದು ಬಿಡಿಸಿದಳು. “ಆ ಸಾಲನ್ನ ಒಬ್ಬರ ಬಾಯಲ್ಲಿ ಕೇಳಿದ್ದು ಸಾಕಾಗಿದೆ. ನಡಿ, ಐ.ಸಿ.ಯು.ನವರು ಹಾಸು ಬೇಕು ಅಂತ ಬೊಬ್ಬೆ ಹೊಡೀತಿದಾರೆ.”

ಮರುದಿನ ಬೆಳಿಗ್ಗೆ ಕೀರಲಿ ಸ್ಟುಡಿಯೋಗೆ ಹೋದದ್ದು ಆಗುವುದಿಲ್ಲ ಎಂದು ಹೇಳುವುದಕ್ಕೆ. ಕಾರಣ ಏನು ಕೊಡುವುದು ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದಳು. ಗಂಟಲು ನೋವು, ಮನೆಯಲ್ಲಿ ಕಷ್ಟ, ಏನಾದರೂ. ಮೇಡಂ ಕಾರಣವನ್ನೇ ಕೇಳಲಿಲ್ಲ.

“ಬೂತ್ ಖಾಲಿ ಬಿಡೋಕಾಗುತ್ತೇನ್ರೀ? ನಿನ್ನೆ ನೀವು ಎದ್ದು ಹೋದ ರೀತಿ ನೋಡಿದ್ರೆ ಪ್ರಕಾಶಕರಿಗೆ ನಾನೇನು ಹೇಳಲಿ? ಸದ್ಯಕ್ಕೆ ಆ ಅಧ್ಯಾಯಕ್ಕೆ ಒಂದು ಹುಡುಗೀನ ಕೂರಿಸಿದೀನಿ, ಟೆಸ್ಟಿಗೆ. ಪುಸ್ತಕದ ಹುಚ್ಚಿ. ನೀವೇ ಕೇಳಿ ನೋಡಿ.”

ಗಾಜಿನಾಚೆ ಹತ್ತೊಂಬತ್ತರ ಹುಡುಗಿಯೊಬ್ಬಳು ಕೂತಿದ್ದಳು. ಹೆಡ್‌ಫೋನ್ ದೊಡ್ಡದಾಗಿ ಕಿವಿಯಿಂದ ಜಾರುತ್ತಿತ್ತು. ಅವಳು ತೆರೆಯನ್ನು ನೋಡುತ್ತಲೂ ಇರಲಿಲ್ಲ. ಕಣ್ಣು ಮುಚ್ಚಿ, ಬಾಯಿಪಾಠದಿಂದ, ಜೇನು ಸುರಿಸುತ್ತ ಹೇಳುತ್ತಿದ್ದಳು. ನಿನ್ನ ನಾಡಿಯಲ್ಲಿ ಬೆಂಕಿ ಓಡುತ್ತಿದೆ. ಕೊನೆಗೆ ಒಂದು ನಿಟ್ಟುಸಿರು. ಎಂಜಿನಿಯರ್ ಹೆಬ್ಬೆರಳೆತ್ತಿ ತೋರಿಸಿದ. “ಒಂದೇ ಟೇಕು!” ಎಂದು ಮೇಡಂ ಅರಳಿದರು.

ಕೀರಲಿಗೆ ಭಯವಾಯಿತು. ತನ್ನ ಕೆಲಸ ಹೋದದ್ದಕ್ಕಲ್ಲ. ಆ ನಿಟ್ಟುಸಿರು ನಿಜವಾದದ್ದಾಗಿತ್ತು, ಹುಡುಗಿ ಅಭಿನಯಿಸುತ್ತಿರಲಿಲ್ಲ.

ಅವಳು ಎಂಜಿನಿಯರನ ಭುಜದ ಮೇಲಿಂದ ಬಾಗಿ, ಒಳಗಿನವರೊಡನೆ ಮಾತಾಡುವ ಕೆಂಪು ಗುಂಡಿ ಒತ್ತಿದಳು.

“ಕಿಡಿಗೆ ಎಷ್ಟು ವಯಸ್ಸಮ್ಮಾ?”

ಹುಡುಗಿ ಬೆಚ್ಚಿ ಕಣ್ಣು ಬಿಟ್ಟಳು. ಗಾಜಿನಾಚೆ ಯಾರೆಂದು ನೋಡಿ, ನಕ್ಕಳು. “ಅಯ್ಯೋ ಮೇಡಂ, ನೀವಾ! ಹದಿನೈದು. ಮೊದಲನೇ ಪುಟದಲ್ಲೇ ಇದೆಯಲ್ಲ.”

“ಅವನಿಗೆ?”

“ಮುನ್ನೂರು…” ಹುಡುಗಿ ಇನ್ನೂ ನಗುತ್ತಲೇ ಇದ್ದಳು.

“ಬಾಗಿಲು?”

“ಏನು ಮೇಡಂ?”

“ಗೋಪುರದ ಕೋಣೆಯ ಬಾಗಿಲು ತೆರೆದಿದೆಯಾ, ಹಾಕಿದೆಯಾ?”

“ರೀ, ಏನು ಮಾಡ್ತಿದೀರಿ ನೀವು?” ಎಂದು ಮೇಡಂ ಅವಳ ತೋಳು ಹಿಡಿದು ಎಳೆದರು. ಕೀರಲಿ ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ.

ಒಳಗೆ ಹುಡುಗಿ ಮೊದಲ ಸಲ ತೆರೆಯ ಕಡೆಗೆ ಬಗ್ಗಿದಳು. ಬಾಯಿಪಾಠವಿದ್ದ ಸಾಲುಗಳ ಮೇಲೆ ಬೆರಳಿಟ್ಟು, ಹೊಸ ಅಕ್ಷರ ಕಲಿಯುವವಳ ಹಾಗೆ ಒಂದೊಂದಾಗಿ ಹುಡುಕುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಸ್ಪೀಕರಿನಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. ಎಂಜಿನಿಯರ್ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

“ಹಾಕಿದೆ,” ಎಂದಳು ಹುಡುಗಿ.