ಜಾಸ್ಮೀನಳಿಗೆ ಕಾಣುವುದಿಲ್ಲ ಎಂಬುದಕ್ಕೆ ಪುರಾವೆ

೧

ಈ ಕಥೆಯನ್ನು ಜಾಸ್ಮೀನ ಚರಂಡಿಗೆ ಬೀಳುವುದರಿಂದ ಶುರು ಮಾಡಬಹುದೇ? ಓದುಗರೇ, ನಿಮಗಂತೂ ಅದೇ ಅನುಕೂಲ. ಮೊದಲ ಸಾಲಿನಲ್ಲೇ ಹುಡುಗಿಯ ಕಣ್ಣು ಮಂದ ಎಂದು ತಿಳಿಯುತ್ತದೆ, ಪಾಪ ಎಂದು ಮುಂದೆ ಹೋಗಬಹುದು. ಹಾಗೇ ಬರೆದೆ. ಗಂಗಾವತಿಯ ಒಂದು ಓಣಿ, ಹಾಸುಗಲ್ಲು ಸರಿದ ಚರಂಡಿ, ಬಿ.ಎಸ್ಸಿ. ಎರಡನೇ ವರ್ಷದ ಜಾಸ್ಮೀನ, ಧೊಪ್ಪೆಂದು ಸದ್ದು.

"ನಾ ಯಾವತ್ತೂ ಬಿದ್ದಿಲ್ರಿ," ಎಂದಳು ಜಾಸ್ಮೀನ, ಚರಂಡಿಯೊಳಗಿಂದಲೇ.

"ಒಂದು ಸಲ ಬಿದ್ದರೆ ಏನಾಯಿತಮ್ಮ? ಕಥೆಗೆ ಬೇಕು."

"ಅಮ್ಮಿ ಬೀಳಾಕ ಬಿಡಂಗಿಲ್ಲ. ಅದನ್ನ ಬರೀರಿ. ಬೀಳದ ಇರೋದ ನನ್ನ ತ್ರಾಸು."

ಅಳಿಸಿದೆ. (ಧೊಪ್ಪೆನ್ನುವ ಸದ್ದು ಚೆನ್ನಾಗಿ ಬಂದಿತ್ತು.)

೧, ಎರಡನೆಯ ಸಲ

ಹಾಗಾದರೆ ಕಾಲೇಜಿನ ಆಫೀಸಿನಿಂದ ಹೊರಡೋಣ.

ಕಳೆದ ಸೆಮಿಸ್ಟರಿನಲ್ಲಿ ಜಾಸ್ಮೀನ ಕೆಮಿಸ್ಟ್ರಿ ಪ್ರಶ್ನೆಪತ್ರಿಕೆಯನ್ನು ಮೂಗಿಗೆ ಹಿಡಿದು ಓದಿ ಮುಗಿಸುವಷ್ಟರಲ್ಲಿ ಅರ್ಧ ಹೊತ್ತು ಕಳೆದಿತ್ತು. ಗೊತ್ತಿದ್ದುದನ್ನೂ ಬರೆಯಲಾಗದೆ ಫೇಲಾದಳು. ಹೆಚ್ಚಿನ ಸಮಯ, ಹೇಳಿದ್ದನ್ನು ಬರೆದುಕೊಡಲು ಒಬ್ಬರು, ಇಷ್ಟು ಸಿಕ್ಕರೆ ಅವಳು ಪಾಸು. ಸಿಗದಿದ್ದರೆ ಮತ್ತೆ ಫೇಲು, ಫೇಲಾದರೆ ಕಾಲೇಜು ಬಿಡಿಸಿ ಮದುವೆ ಎಂದು ಮನೆಯಲ್ಲಿ ಆಗಲೇ ಮಾತಾಗಿತ್ತು.

ಆಫೀಸಿನ ವಿರುಪಾಕ್ಷಿ ಕೆಟ್ಟ ಮನುಷ್ಯನಲ್ಲ. ಅವಳ ಅರ್ಜಿ ಓದಿ ಕನ್ನಡಕ ತೆಗೆದ.

"ಕಣ್ಣು ಕಾಣದಾಕಿ ಸೀದಾ ನನ್ನ ಟೇಬಲ್ ಮುಂದ ಹೆಂಗ ಬಂದು ನಿಂತಿಯವ್ವ?"

"ಎಡವಿ ಬರಬೇಕಿತ್ತೇನ್ರಿ ಸರ?"

"ಹಂಗಲ್ಲ. ನಾ ನಂಬ್ತೀನಿ. ಆದ್ರ ನನ್ನ ನಂಬಿಕಿಗೆ ಸೀಲ್ ಇಲ್ಲಲ್ಲ. ಕೊಪ್ಪಳಕ್ಕ ಹೋಗಿ ಸರ್ಟಿಫಿಕೇಟ್ ಮಾಡಿಸ್ಕೊಂಡ್ ಬಾ. ಕಾಣಲಾರದ್ದು ನಲವತ್ತು ಪರ್ಸೆಂಟ್ ಇರಬೇಕು ಮತ್ತ."

"ಪಾಸಾಗಾಕ ಮೂವತ್ತೈದು ಸಾಕಲ್ರಿ."

"ಇದಕ್ಕ ನಲವತ್ತು," ಎಂದ ವಿರುಪಾಕ್ಷಿ, ತಾನೇ ಪ್ರಶ್ನೆಪತ್ರಿಕೆ ತೆಗೆದವನಂತೆ ನಾಚಿಕೊಂಡು.

೨

ಈಗ ರಾಜಾಬೀಯನ್ನು ಕರೆತರಬೇಕು. ಜಾಸ್ಮೀನಳ ತಾಯಿ. ಕಾರಟಗಿ, ಕುಷ್ಟಗಿ, ಯಲಬುರ್ಗಾ ಸಂತೆಗಳಲ್ಲಿ ಬಳೆ ಮಾರುವವಳು. ಎರಡೂ ಮುಂಗೈ ತುಂಬ ಗಾಜಿನ ಬಳೆ. ಗಂಡ ಇರುವವಳೆಂದೂ ಹೌದು, ವ್ಯಾಪಾರದ ಬೋರ್ಡೆಂದೂ ಹೌದು.

(ಮನೆಯಲ್ಲಿ ಇವರಾಡುವುದು ದಖ್ಖನಿ. ಇಲ್ಲಿ ಕನ್ನಡ ಮಾಡಿದ್ದೇನೆ. ರಾಜಾಬೀಯ ತಕರಾರಿಲ್ಲ: "ಬಳಿ ಮಾರೋದು ಕನ್ನಡದಾಗನ ಅಲ್ಲೇನ್ರಿ, ಬರ್ಕೊಳ್ರಿ.")

ಜಾಸ್ಮೀನ ಒಂದನೇ ಇಯತ್ತೆಯಲ್ಲಿದ್ದಾಗ ಶಾಲೆಗೆ ಕಣ್ಣಿನ ತಪಾಸಣೆಯವರು ಬಂದರು. ಕಾಣದ ಮಕ್ಕಳನ್ನು ದೂರದ ಊರಿನ ಶಾಲೆಗೆ ಒಯ್ದುಬಿಡುತ್ತಾರೆಂದು ಓಣಿಯಲ್ಲಿ ಸುದ್ದಿ. ಗೋಡೆಯ ಪಟದಲ್ಲಿ ಇಂಗ್ಲಿಷಿನ 'ಇ' ಅಕ್ಷರ ಒಂದೊಂದು ಸಾಲಿನಲ್ಲಿ ಒಂದೊಂದು ದಿಕ್ಕಿಗೆ ತಿರುಗಿ ಕೂತಿರುತ್ತದೆ. ಅದರ ಕಾಲು ಯಾವ ಕಡೆ ಎಂದು ಮಗು ಹೇಳಬೇಕು. ಹಿಂದಿನ ರಾತ್ರಿಯೇ ರಾಜಾಬೀ ಮಗಳಿಗೆ ಪಾಠ ಮಾಡಿದಳು. ಬೆನ್ನ ಹಿಂದೆ ಎಡಗೈ ಬಳೆ ಸದ್ದಾದರೆ ಎಡಕ್ಕೆ, ಬಲಗೈದಾದರೆ ಬಲಕ್ಕೆ, ಎರಡೂ ಕೂಡಿದರೆ ಮೇಲಕ್ಕೆ, ಸದ್ದೇ ಇಲ್ಲದಿದ್ದರೆ ಕೆಳಕ್ಕೆ. ಮಗಳು ಪಾಸಾದಳು.

ಆಮೇಲೆ ಆ ಬಳೆಗಳ ಭಾಷೆ ಬೆಳೆಯಿತು. ಮೆಟ್ಟಿಲಿಗೆ ಒಂದು ಸದ್ದು, ಎದುರಿಗೆ ಬರುವ ಎಮ್ಮೆಗೆ ಇನ್ನೊಂದು, ಸಲಾಂ ಹೇಳಬೇಕಾದ ಹಿರಿಯರಿಗೆ ಮತ್ತೊಂದು. ಊರಿನವರ ಕಣ್ಣಿಗೆ ಜಾಸ್ಮೀನ ಬಲು ಮರ್ಯಾದೆಯ ಹುಡುಗಿ, ಪುಸ್ತಕದಿಂದ ಮೂಗು ತೆಗೆಯದವಳು. ತಾಯಿ ಮಗಳ ನಡುವೆ "ಕಾಣುವುದಿಲ್ಲ" ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ. ರಾಜಾಬೀ ಕೇಳಲಿಲ್ಲ, ಜಾಸ್ಮೀನ ಹೇಳಲಿಲ್ಲ. ಕಾಲೇಜಿನ ಅರ್ಜಿಯ ವಿಷಯವನ್ನು ಕೂಡ ಅವಳು "ಕಣ್ಣಿಂದೊಂದು ಕಾಗದ ಬೇಕಂತ, ಇಲ್ಲಂದ್ರ ಫೇಲ್" ಎಂದಷ್ಟೇ ಹೇಳಿದ್ದಳು. ಫೇಲ್ ಎಂದ ಕೂಡಲೇ ರಾಜಾಬೀ ಎದ್ದು ಹೊರಟಳು.

೩

ಕೊಪ್ಪಳದ ಒಂದು ಆಸ್ಪತ್ರೆ. (ಯಾವುದೆಂದು ಹುಡುಕಬೇಡಿ, ಇಲ್ಲಿ ಬೇಕೆಂದು ನಾನೇ ಕಟ್ಟಿಸಿದ್ದು. ಕೆಲಸ ಅವಸರದ್ದು, ಸುಣ್ಣ ಇನ್ನೂ ಒಣಗಿಲ್ಲ.) ಸರತಿ ಬಂತು. ಜಾಸ್ಮೀನ ಕುರ್ಚಿಯಲ್ಲಿ, ರಾಜಾಬೀ ಬೆನ್ನ ಹಿಂದೆ, ಗೋಡೆಯ ಮೇಲೆ ಅದೇ 'ಇ' ಪಟ. ಡಿಗ್ರಿ ಓದುವವಳಿಗೆ ಅಕ್ಷರಗಳ ಪಟ ಬೇಕಿತ್ತು. ಅದನ್ನು ಯಾರೋ ಪಕ್ಕದ ಕೋಣೆಗೆ ಒಯ್ದಿದ್ದರು. (ಯಾರೋ ಅಲ್ಲ, ನಾನೇ.)

"ಕಾಲು ಯಾವ ಕಡಿ ಅದಾವ?" ಎಂದರು ಡಾಕ್ಟರು.

ಬೆನ್ನ ಹಿಂದೆ ಎಡಕ್ಕೆ ಸಣ್ಣಗೆ ಕಿಣಿ ಎಂದಿತು. "ಎಡಕ್ಕ್ರಿ."

"ಇದು?" ಕಿಣಿಕಿಣಿ. "ಮ್ಯಾಲರಿ."

"ಇದು?" ಸದ್ದಿಲ್ಲ. "ಕೆಳಗ್ರಿ."

ತುಟಿ ಕಚ್ಚಿದರೂ ಉತ್ತರ ಹೊರಗೇ ಬರುತ್ತಿತ್ತು. ಬಿಸಿ ತಾಗಿದ ಕೈ ಹಿಂದೆ ಸರಿಯುವ ಹಾಗೆ, ಸದ್ದಿಗೆ ಅವಳ ನಾಲಿಗೆ. ಕೊನೆಯ ಸಾಲಿನವರೆಗೂ ಒಂದೂ ತಪ್ಪಲಿಲ್ಲ.

"ಏನವ್ವ, ನನಗಿಂತ ಛಲೋ ಕಾಣಿಸ್ತದ ನಿನಗ," ಎಂದು ಡಾಕ್ಟರು ನಾರ್ಮಲ್ ಎಂದು ಬರೆದರು.

೪

ರಾಜಾಬೀ ಹೊರಗೆ ಬಂದವಳೇ ಸರತಿಯಲ್ಲಿ ಕೂತಿದ್ದ ರೇಣುಕಮ್ಮ ಎಂಬಾಕೆಗೆ ಹೇಳಿದಳು: "ಏನೂ ಇಲ್ಲಂತ ನೋಡವ್ವ ನನ್ನ ಮಗಳಿಗೆ. ನಾರ್ಮಲ್."

"ಛಲೋ ಆತಲ್ಲ," ಎಂದಳು ಮೊಣಕಾಲಿನ ಸರ್ಟಿಫಿಕೇಟಿಗೆ ಬಂದಿದ್ದ ರೇಣುಕಮ್ಮ. ಸ್ವಲ್ಪ ಯೋಚಿಸಿ ಕೇಳಿದಳು, "ಮತ್ತ ಇಲ್ಲಿಗೆ ಯಾಕ ಬಂದಿದ್ರಿ?"

ರಾಜಾಬೀಯ ಮುಖದ ಸಂತೋಷ ಹಾಗೇ ನಿಂತುಬಿಟ್ಟಿತು.

"ಅಮ್ಮೀ, ನಿನ್ನ ಕೈ," ಎಂದಳು ಜಾಸ್ಮೀನ.

"ನನ್ನ ಕೈ ಏನ್ ಮಾಡ್ಯಾವ?"

"ಬಳಿ ಆಡಿಸಿದಿ."

"ಅಲ್ಲಾನ ಆಣಿ, ನಾ ಆಡಿಸಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಕೈಗಳು ಅವಳ ಅಪ್ಪಣೆ ಕೇಳುವುದನ್ನೇ ಬಿಟ್ಟಿದ್ದವು.

೫

ಇಲ್ಲಿ ನಾನು ನಡುವೆ ಬರುತ್ತೇನೆ. ನಾನೂ ಒಂದು ಕಾಲಕ್ಕೆ ವಿಜ್ಞಾನ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ? ಪ್ರಯೋಗ ಕೆಟ್ಟರೆ ಒಂದೇ ಅಂಶ ಬದಲಿಸಿ ಮತ್ತೆ ಮಾಡಬೇಕು. ಹಾಗಾಗಿ ಬರೆದೆ: ಮಧ್ಯಾಹ್ನ ಡಾಕ್ಟರು ಇನ್ನೊಮ್ಮೆ ನೋಡಲು ಒಪ್ಪಿದರು, ರಾಜಾಬೀ ಹೊರಗೆ ಉಳಿದಳು, ಜಾಸ್ಮೀನಳಿಗೆ ಪಟ ಕಾಣಲಿಲ್ಲ, ಸರ್ಟಿಫಿಕೇಟ್ ಬಂತು, ಮುಗಿಯಿತು.

"ಇದು ಬ್ಯಾಡ," ಎಂದಳು ಜಾಸ್ಮೀನ.

"ಯಾಕೆ? ಪಾಸಾಗುತ್ತೀಯಲ್ಲ."

"ಅಮ್ಮಿ ಹೊರಗಿದ್ರ, ಡಾಕ್ಟರ್ ತಪ್ಪು ಬರದಾರ ಅಂತಾಳ. ಮನಿಗೆ ಹೋಗಿ ಕಾಗದ ಟ್ರಂಕಿನ ತಳಕ್ಕ ಹಾಕ್ತಾಳ, ಯಾರಿಗೂ ತೋರಿಸಾಕ ಕೊಡಂಗಿಲ್ಲ. ಅಕಿ ಒಳಗ ಬರಬೇಕು. ನಾ ಹೇಳೋದು ಅಕಿ ಕೇಳಬೇಕು."

"ಬಳೆ ಸದ್ದಾದರೆ?"

"ಆದ್ರ ನನ್ನ ಕಾಲೇಜು ಹೋತು. ನೀವ್ಯಾಕ ಗಾಬರಿ ಆಗ್ತೀರಿ, ನೀವೇನು ಪರೀಕ್ಷಾ ಬರೀಬೇಕಾ?"

ಬರೆದದ್ದನ್ನು ಅಳಿಸಿದೆ. ನಿಜ ಹೇಳಬೇಕೆಂದರೆ ನಾನೂ ಅವಳನ್ನು ಒಂದು ಪಟದ ಮುಂದೆಯೇ ಕೂರಿಸಿದ್ದೇನೆ, ಓದುಗರೇ, ಮತ್ತು ಮೇಜಿನ ಆ ಬದಿಯಲ್ಲಿ ಪೆನ್ನು ಹಿಡಿದು ಕೂತವರು ನೀವು. ಎಷ್ಟು ಪರ್ಸೆಂಟ್ ಕಾಣದಿದ್ದರೆ ನಂಬುತ್ತೀರಿ?

೬

ಮಧ್ಯಾಹ್ನ. ಡಾಕ್ಟರು ಇನ್ನೊಮ್ಮೆ ನೋಡಲು ಒಪ್ಪಿದ್ದನ್ನು ಮಾತ್ರ ಉಳಿಸಿಕೊಂಡೆ. ಬಳೆ ತೆಗೆದಿಡು ಎಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ; ಗಂಡ ಇರುವವಳ ಕೈ ಬರಿದು ಮಾಡುವುದುಂಟೇ? ರಾಜಾಬೀ ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, ಕಳ್ಳರನ್ನು ಹಿಡಿದು ತಂದವಳಂತೆ ನಿಂತಳು.

"ಕಾಲು ಯಾವ ಕಡಿ?"

ಸದ್ದಿಲ್ಲ. "ಕೆಳಗ್ರಿ," ಎಂದಳು ಜಾಸ್ಮೀನ.

"ಇದು?" "ಕೆಳಗ್ರಿ."

"ಇದು?" "ಕೆಳಗ."

ಸದ್ದಿಲ್ಲದ್ದೆಲ್ಲ ಕೆಳಗೆ. ನಾಲ್ಕರಲ್ಲಿ ಒಂದು ಸರಿಯಾಗುತ್ತಿತ್ತು, ಗಣಿತ ಹೇಳುವಷ್ಟೇ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಮುಂಜಾನೆ ಎಲ್ಲಾ ಹೇಳಿದಿ, ಈಗೆಲ್ಲಾ ಕೆಳಗ ಅಂತಿ. ನಾಟಕ ಮಾಡಾಕತ್ತೀ ಏನವ್ವ? ಒಂದ ಮಾತು ಹೇಳು. ಕಾಣ್ತದೋ, ಇಲ್ಲೋ?"

ಸೆರಗಿನೊಳಗೆ ಬಳೆಗಳು ಒತ್ತಿಕೊಂಡವು. ಒಂದು ಒಡೆಯಿತು. ಒಡೆದ ಸದ್ದಿಗೆ ಅವರ ಭಾಷೆಯಲ್ಲಿ ಅರ್ಥವೇ ಇರಲಿಲ್ಲ.

"ಕಾಣಂಗಿಲ್ರಿ," ಎಂದಳು ಜಾಸ್ಮೀನ. "ಪಟಾನ ಕಾಣಂಗಿಲ್ಲ. ಗ್ವಾಡಿ ಬೆಳ್ಳಗ ಐತಿ ಅಷ್ಟ. ಸಣ್ಣಾಕಿ ಇದ್ದಾಗಿಂದ ಇಷ್ಟ. ಮುಂಜಾನೆ ಹೇಳಿದ್ದು ನಾನಲ್ರಿ, ಅಮ್ಮಿ."

ಡಾಕ್ಟರು ಈಗ ಮೊದಲ ಬಾರಿಗೆ ಮಗಳನ್ನು ಬಿಟ್ಟು ತಾಯಿಯನ್ನು ನೋಡಿದರು. ಸೆರಗಿನಲ್ಲಿ ಸುತ್ತಿಟ್ಟ ಬಳೆಯ ಕೈಗಳನ್ನೂ ನೋಡಿದರು. ಆಮೇಲೆ ಪಟವನ್ನು ತಿರುಗಿಸಿ ಗೋಡೆಗೆ ಮುಖ ಮಾಡಿಟ್ಟು, ಕಣ್ಣಿಗೆ ಹಾಕುವ ಡ್ರಾಪ್ಸ್ ತೆಗೆದುಕೊಂಡು ಬರಲು ಹೇಳಿದರು. "ಒಳಗ ಏನೈತಿ ನೋಡೋಣ. ಕಣ್ಣಿನ ಒಳಗ ಬಳಿ ಸದ್ದು ಕೇಳಂಗಿಲ್ಲ."

೭

ಮುಕ್ತಾಯಗಳು ಮೂರಿವೆ. ಮೊದಲನೆಯದರಲ್ಲಿ ನಲವತ್ತಕ್ಕಿಂತ ಬಹಳ ಹೆಚ್ಚು ಬಂದು ವಿರುಪಾಕ್ಷಿ ಹಿಗ್ಗುತ್ತಾನೆ. ಎರಡನೆಯದರಲ್ಲಿ ಮೂವತ್ತೊಂಬತ್ತು ಬರುತ್ತದೆ, ಗ್ರೇಸ್ ಮಾರ್ಕ್ಸ್ ಕೊಡ್ರಿ ಎಂದು ರಾಜಾಬೀ ಜಗಳ ತೆಗೆಯುತ್ತಾಳೆ. ಮೂರನೆಯದರಲ್ಲಿ ಸರ್ಟಿಫಿಕೇಟ್ ಸರಿಯಾಗಿಯೇ ಬರುತ್ತದೆ, ಪರೀಕ್ಷೆ ಮುಗಿದ ಮರುದಿನ. ಮೂರನ್ನೂ ಶುದ್ಧಪ್ರತಿ ಮಾಡಿಟ್ಟು ಜಾಸ್ಮೀನಳನ್ನು ಕರೆದೆ. ಅವಳು ಬರಲಿಲ್ಲ. ಫಲಿತಾಂಶ ಆಮೇಲೆ ಹೇಳುತ್ತೇವೆಂದು ಆಸ್ಪತ್ರೆಯವರು ಕಳಿಸಿದ್ದರಿಂದ ತಾಯಿ ಮಗಳು ಆಗಲೇ ಗಂಗಾವತಿ ಬಸ್ಸು ಹತ್ತಿದ್ದರು. ನಾನೂ ಓಡಿ ಹತ್ತಿದೆ. ಹಿಂದಿನ ಸೀಟು ಸಿಕ್ಕಿತು.

ಡ್ರಾಪ್ಸಿನಿಂದ ಜಾಸ್ಮೀನಳಿಗೆ ಬೆಳಕು ಚುಚ್ಚುತ್ತಿತ್ತು. ಕಣ್ಣು ಮುಚ್ಚಿ ಕೂತಿದ್ದಳು. ಹೇಮಗುಡ್ಡ ಬರುವವರೆಗೂ ರಾಜಾಬೀ ಸೆರಗಿನಿಂದ ಒಡೆದ ಬಳೆಯ ಚೂರು ಆರಿಸುತ್ತಿದ್ದಳು. ಗುಡ್ಡ ಹಿಂದಾದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು:

"ನಿನಗ ಎಷ್ಟ ಕಾಣ್ತತಿ ಬೇಟಿ? ಖರೇ ಹೇಳು."

ಜಾಸ್ಮೀನ ಕಣ್ಣು ಬಿಡಲಿಲ್ಲ. ಆದರೆ ಅವಳು ಸೀಟಿನಲ್ಲಿ ಪೂರ್ತಿ ತಾಯಿಯ ಕಡೆ ತಿರುಗಿದ್ದು ನನಗೆ ಹಿಂದಿನಿಂದ ಕಂಡಿತು.

(ಇಲ್ಲಿಂದ ಮುಂದಿನದು ಅವಳು ತಾಯಿಗೆ ಹೇಳಿದ್ದು. ಬರೆಯಲು ನನಗೆ ಅನುಮತಿ ಇಲ್ಲ, ನಿಮಗೆ ಕೇಳಲು ಇಲ್ಲ. ಪರ್ಸೆಂಟ್ ಬೇಕಾದವರು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸರತಿಯಲ್ಲಿ ರೇಣುಕಮ್ಮ ಇನ್ನೂ ಕೂತಿದ್ದಾಳೆ. ಜಾಸ್ಮೀನ ಕೇಳಿದ ಒಂದೇ ಮಾತು ಮಾತ್ರ, ಇಂಜಿನ್ ಸದ್ದಿನಲ್ಲೂ ನನಗೆ ಕೇಳಿಸಿಬಿಟ್ಟದ್ದರಿಂದ, ಕೆಳಗೆ ಇಟ್ಟಿದ್ದೇನೆ.)

"ಯಾವ ಕಣ್ಣಿಂದು ಮೊದಲ ಹೇಳ್ಲಿ, ಅಮ್ಮೀ?"