ನವರಂಗವನ್ನು ಮುಚ್ಚಿದ ಬುಟ್ಟಿ

ನಾನು ಒಂದು ಬುಟ್ಟಿ. ಕುಂದಾಪುರದ ಹತ್ತಿರದ ಕಾಡುಹಾಡಿಯೊಂದರಲ್ಲಿ ಬಳ್ಳಿಯಾಗಿದ್ದವನು. ತುಕ್ರಿ ಎಂಬಾಕೆ ಬಳ್ಳಿ ಸಿಗಿದು, ನೀರಲ್ಲಿ ನೆನೆಸಿ, ನನ್ನನ್ನು ಹೆಣೆದಳು. ಮೊದಲು ಮೀನು ಮಾರುವ ಪದ್ದುವಿನ ತಲೆಯ ಮೇಲೆ ಎರಡು ವರ್ಷ ಊರೂರು ತಿರುಗಿದೆ. ಅಂಚು ಸವೆದಾಗ ಅವಳು ನನ್ನನ್ನು ನೆರೆಮನೆಯ ಅಕ್ಕಣಿಗೆ ಕೊಟ್ಟಳು. ಅಂದಿನಿಂದ ಕೋಳಿಮರಿಗಳ ಮೇಲೆ ಬೋರಲು ಬಿದ್ದಿರುವುದೇ ನನ್ನ ಬದುಕಾಯಿತು.

ಅಕ್ಕಣಿಯ ಹಿತ್ತಿಲಿಗೆ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಒಂದು ನವರಂಗ ಹಕ್ಕಿ ಬರುತ್ತಿತ್ತು. ಬಹಳ ದೂರ, ಉತ್ತರದ ಕಡೆಯಿಂದ ಬರುತ್ತದಂತೆ. ನನಗೆ ಸರಿಯಾಗಿ ತಿಳಿಯದು, ಪದ್ದುವಿನ ಮಗಳು ಹೇಳಿದ್ದು. ಗೇರುಮರದ ಕೆಳಗೆ ತರಗೆಲೆ ಕೆದಕಿ ಹುಳು ತಿನ್ನುತ್ತಿತ್ತು. ಮುಸ್ಸಂಜೆ ಅದರ ಸಿಳ್ಳೆ ಕೇಳಿದ ಮೇಲೆಯೇ ಅಕ್ಕಣಿ ದೀಪ ಹಚ್ಚುತ್ತಿದ್ದಳು. ಬರುವುದು ತಡವಾದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆ ವರ್ಷ ಕಡಲಲ್ಲಿ ಚಂಡಮಾರುತ ಎದ್ದಿತು. ಎರಡು ದಿನ ಗಾಳಿಮಳೆ. ಮೂರನೆಯ ಬೆಳಿಗ್ಗೆ, ಇನ್ನೂ ಗಾಳಿ ನಿಲ್ಲದಿರುವಾಗಲೇ, ಹಕ್ಕಿ ತೊಯ್ದು ಬಸವಳಿದು ಗೇರುಮರದ ಬುಡದಲ್ಲಿ ಬಿದ್ದಿತ್ತು. ಅಕ್ಕಣಿ ಅದನ್ನು ಸೆರಗಿನಲ್ಲಿ ಎತ್ತಿ ತಂದು ಜಗಲಿಯಲ್ಲಿಟ್ಟಳು. ಗಿಡುಗ ಕುಕ್ಕಿದ ಕೋಳಿಮರಿಗೆ ಮಾಡುವಂತೆಯೇ, ಅರಿಶಿನ ಕಲಸಿದ ತೆಂಗಿನೆಣ್ಣೆಯನ್ನು ಎರಡೂ ರೆಕ್ಕೆಗೆ ಸವರಿದಳು. ಮುಂದೆ ನೆನೆಸಿದ ನುಚ್ಚು ಇಟ್ಟಳು. ನನ್ನನ್ನು ಮೇಲೆ ಮುಚ್ಚಿ, ಬೆಕ್ಕು ಉರುಳಿಸದಂತೆ ಕಲ್ಲು ಹೇರಿದಳು.

ಪದ್ದು ಬಂದು ಬಗ್ಗಿ ನೋಡಿದಳು. "ಅದ್ ಕೋಳಿಮರಿ ಅಲ್ಲ ಹೆಣ್ಣೇ, ಕಾಡ್ ಹಕ್ಕಿ. ಮೈ ಒಣಗಿದ್ ಕೂಡ್ಲೆ ಬಿಟ್ ಬಿಡ್."

"ಈ ಗಾಳಿಗ್ ಬಿಟ್ರೆ ಬದ್ಕುತ್ತಾ? ನಂಗ್ ಗೊತ್ತ್, ಸುಮ್ನಿರ್."

"ಹೌದ್, ದೊಡ್ಡ ಡಾಕ್ಟ್ರ್ ನೀನು! ನನ್ನ ಸೊಂಟಕ್ಕೂ ಸ್ವಲ್ಪ ಎಣ್ಣೆ ತಿಕ್ಕ್ ಕಾಣ್."

ಇಬ್ಬರೂ ನಕ್ಕರು. ನಾನು ಮಳೆಯ ಎರಚಲನ್ನು ತಡೆದೆ, ಬೆಕ್ಕನ್ನು ತಡೆದೆ. ಆದರೆ ಒಳಗೆ ಹಕ್ಕಿ ನುಚ್ಚನ್ನು ಮುಟ್ಟಲಿಲ್ಲ. ರೆಕ್ಕೆಯ ಗರಿಗಳು ಎಣ್ಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡವು. ಅದು ನಡುಗುತ್ತಿತ್ತು. ಹೇಳಲು ನನಗೆ ಬಾಯಿ ಇರಲಿಲ್ಲ.

ಮರುದಿನ ಬಿಸಿಲು ಬಂತು. ಅಕ್ಕಣಿ ಕಲ್ಲು ಇಳಿಸಿ ನನ್ನನ್ನು ಎತ್ತಿದಳು. "ಹೋಗ್ ಮಗಾ" ಎಂದಳು. ಹಕ್ಕಿ ಎರಡು ಹೆಜ್ಜೆ ಕುಪ್ಪಳಿಸಿತು. ರೆಕ್ಕೆ ಬಿಚ್ಚಲಿಲ್ಲ. ಮತ್ತೆ ಕುಪ್ಪಳಿಸಿ ಪಕ್ಕಕ್ಕೆ ಒರಗಿತು. ಅವಳು ಅದನ್ನು ಎತ್ತಿಕೊಂಡು ರೆಕ್ಕೆ ಬಿಡಿಸಲು ನೋಡಿದಳು. ಬೆರಳಿಗೆ ಎಣ್ಣೆ ಅಂಟಿತು. ಆ ಬೆರಳನ್ನೇ ನೋಡುತ್ತಾ ಕುಳಿತಳು. ಹಕ್ಕಿ ಅವಳ ಅಂಗೈಯಲ್ಲೇ ತಣ್ಣಗಾಯಿತು.

ಅಕ್ಕಣಿ ಅದನ್ನು ಗೇರುಮರದ ಕೆಳಗೆ ಮಣ್ಣು ಮಾಡಿ ಬಂದು ಕೈ ತೊಳೆಯುತ್ತಿದ್ದಾಗ ಪದ್ದು ಬೇಲಿಯಾಚೆಯಿಂದ ಕೂಗಿದಳು, "ಹಾರಿ ಹೋಯ್ತಾ ನಿನ್ನ ಹಕ್ಕಿ?"

"ಹಾರಿ ಹೋಯ್ತ್" ಎಂದಳು ಅಕ್ಕಣಿ. "ಚಂದ ಮಾಡಿ ಹಾರಿ ಹೋಯ್ತ್."

"ಕಂಡ್ಯಾ! ನಿನ್ನ ಎಣ್ಣೆ ಗುಣ!"

ಅಕ್ಕಣಿ ಮತ್ತೆ ಕೋಳಿ ಸಾಕಲಿಲ್ಲ. ನಾನೀಗ ಸೌದೆ ಕೊಟ್ಟಿಗೆಯ ಮೂಲೆಯಲ್ಲಿದ್ದೇನೆ. ಗೆದ್ದಲು ಹಿಡಿದಿದೆ. ಮುಚ್ಚಿದ್ದು ತಪ್ಪಾಯಿತೇ, ಮುಚ್ಚದಿದ್ದರೆ ಬೆಕ್ಕು ಹಿಡಿಯುತ್ತಿತ್ತೇ, ಇಷ್ಟು ವರ್ಷವಾದರೂ ನನಗೆ ನಿರ್ಧರಿಸಲಾಗಿಲ್ಲ. ಒಂದನ್ನು ಮಾತ್ರ ಬಲ್ಲೆ. ಆ ಬೆಳಿಗ್ಗೆ ಅವಳು ಹೋಗು ಎಂದಾಗ, ಹಕ್ಕಿ ಹೋಗಲು ನೋಡಿತ್ತು.