ಗಂಗಾಂಬಿಕಾ ಮೇಡಂ ಮತ್ತು ದೇವರ ಮನೆಯ ಕಂಪ್ಯೂಟರು

ಗಂಗಾಂಬಿಕಾ ಮೇಡಂ ಅವರ ಬೆರಳುಗಳಿಗೆ ವಿಶ್ರಾಂತಿಯೆಂಬುದನ್ನು ವಿಧಿ ಬರೆದಿರಲಿಲ್ಲ. ಕೊಟ್ಟೂರಿನಲ್ಲಿ ಅರ್ಧ ಆಯುಷ್ಯ ಟೈಪಿಂಗ್ ಶಾಲೆ ನಡೆಸಿದ ಆ ಬೆರಳುಗಳು, ಎದುರಿಗೆ ಯಂತ್ರವಿರಲಿ ಇಲ್ಲದಿರಲಿ, ಆಡಿದ ಮಾತನ್ನೆಲ್ಲ ಸಿಕ್ಕ ವಸ್ತುವಿನ ಮೇಲೆ ಟೈಪು ಮಾಡುತ್ತಲೇ ಇರುತ್ತಿದ್ದವು: ಚಹದಂಗಡಿಯ ಮೇಜು, ಬಸ್ಸಿನ ಕಂಬಿ, ತಮ್ಮದೇ ಮೊಣಕಾಲು. ಒಮ್ಮೆ ಕೂಡ್ಲಿಗಿ ಬಸ್ಸಿನಲ್ಲಿ ಅವರ ಮುಂದಿನ ಸೀಟಿನಲ್ಲಿ ಕೂತಿದ್ದ ನಾನು ಮನೆಗೆ ಬಂದು ಅಂಗಿ ಬಿಚ್ಚಿದರೆ ಬೆನ್ನ ಮೇಲೆ ಒಂದಿಡೀ ಅಧ್ಯಾಯ ಅಚ್ಚಾಗಿತ್ತು. ನನ್ನ ಹೆಂಡತಿ ಅದನ್ನು ಓದಿ, ಮುಂದಿನ ಅಧ್ಯಾಯ ಯಾವ ಬಸ್ಸಿಗೆ ಬರುತ್ತದೆಂದು ಕೇಳಿದಳು.

ಇನ್ನು ಅವರ ಕೋಟು. ಕಾಗೆಯೂ ಕೊಡೆ ಹಿಡಿದು ಹಾರುವ ನಮ್ಮ ಸೀಮೆಯ ಬಿಸಿಲಿನಲ್ಲಿ, ತಂದೆಯ ಕಾಲದ ಬೂದುಬಣ್ಣದ ಕೋಟನ್ನು ಸೀರೆಯ ಮೇಲೆ ತೊಟ್ಟು ಅವರು ಬೀಸುಗಾಲು ಹಾಕುತ್ತಾ ಬಂದರೆ, ಸೂರ್ಯನೇ ಒಂದು ಕ್ಷಣ ಮೋಡದ ಮರೆಗೆ ಸರಿದು ಬೆವರೊರೆಸಿಕೊಳ್ಳುತ್ತಿದ್ದ. ಈ ಸೆಕೆಗೆ ಕೋಟು ಯಾಕೆಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ಇದು: "ಇತಿಹಾಸ ಬರಿಯಾಕ ಕಿಸೆ ಬೇಕ್ರಿ ಸರ. ಸೀರಿಗೆ ಕಿಸೆ ಹೊಲಿಯೋರು ಯಾರದಾರ?" ಒಂದು ಕಿಸೆಯಲ್ಲಿ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಮಂಡಕ್ಕಿ.

ಟೈಪ್‌ರೈಟರುಗಳು ಒಂದೊಂದಾಗಿ ಮೂಲೆ ಸೇರಿ ಕಂಪ್ಯೂಟರುಗಳು ಮೇಜೇರಿದ ಕಾಲದಲ್ಲಿ, ಆ ಆಗಂತುಕನ ಕುಲಗೋತ್ರ ವಿಚಾರಿಸಲೆಂದೇ ಮೇಡಂ ಬಳ್ಳಾರಿಯ ಹಳೆ ಪುಸ್ತಕದಂಗಡಿಗಳನ್ನು ಜಾಲಾಡಿದರು. ಮನೆಮನೆಯ ಕಂಪ್ಯೂಟರಿನ ಚರಿತ್ರೆ ಹೇಳುವ ದಪ್ಪ ದಪ್ಪ ಇಂಗ್ಲಿಷ್ ಗ್ರಂಥಗಳನ್ನು ತಂದು ಓದಿ ಮುಗಿಸಿ, ಮುಂದೆ ಕರಡು ತಿದ್ದುವ ನೆಪದಲ್ಲಿ ಬೆನ್ನು ಹತ್ತಲಿದ್ದ ನನಗೆ, ನಿವೃತ್ತ ಕನ್ನಡ ಮಾಸ್ತರನಿಗೆ, ದೂರು ಹೇಳಿದರು.

"ಎಲ್ಲಾ ಪುಸ್ತಕನೂ ಅಮೆರಿಕದ ಕಾರ್ ಶೆಡ್ಡಿನಾಗ ಶುರು ಆಗಿ ಬ್ಯಾಂಕಿನಾಗ ಮುಗಿತಾವ. ಮಾಡಿದವರದಾರ, ಮಾರಿದವರದಾರ. ತಂದಿಟ್ಕೊಂಡ ಮನಿಯಾಗ ಏನಾತು ಅಂತ ಒಬ್ಬರೂ ಬರದಿಲ್ಲ."

ಹಾಗಾಗಿ ತಾವೇ ಬರೆಯಲು ಕೂತರು. ಅರ್ಧ ಪುಸ್ತಕ ಲೋಕದ ಕತೆ, ಉಳಿದರ್ಧ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮನೆಗಳ ಕತೆ. ಹಡಗಲಿಯ ಒಂದು ಮನೆಯಲ್ಲಿ ಮಾನಿಟರಿಗೆ ಮಲ್ಲಿಗೆ ದಂಡೆ ಮುಡಿಸಿ, ಹೂವು ಬಾಡದಿರಲೆಂದು ಮೇಲಿಂದ ನೀರು ಚಿಮುಕಿಸಿದ್ದರು. ಹೂವು ಅರಳಿತು, ಯಂತ್ರ ಕಣ್ಣು ಮುಚ್ಚಿತು. ಹರಪನಹಳ್ಳಿಯಲ್ಲಿ ಧೂಳಿಗೆ ಹೆದರಿ ಕಂಬಳಿ ಹೊದಿಸಿಯೇ ಓಡಿಸಿದ ಯಂತ್ರಕ್ಕೆ ಜ್ವರವೇರಿ, ಮನೆಯಾಕೆ ಅದರ ಮೇಲೆ ರೊಟ್ಟಿ ಬೇಯಿಸಿದಳೆಂದು ನಾನು ಕರಡಿನಲ್ಲಿ ಸೇರಿಸಿದ್ದೆ. ಮೇಡಂ ರೊಟ್ಟಿಯನ್ನು ಹೊಡೆದುಹಾಕಿ ಕಂಬಳಿಯನ್ನಷ್ಟೇ ಉಳಿಸಿದರು. ಹೋದ ಮನೆಯಲ್ಲೆಲ್ಲ ಅವರ ಪ್ರಶ್ನೆ ಒಂದೇ: "ಕೊಂಡವರು ಯಾರಾರ ಇರ್ಲಿ, ಸ್ವಿಚ್ ಹಾಕಿದವರು ಯಾರು, ಅದನ್ನ ಹೇಳ್ರಿ."

ಆ ಪ್ರಶ್ನೆಯೇ ಒಮ್ಮೆ ಪುಸ್ತಕದ ಕುತ್ತಿಗೆಗೆ ಬಂತು. ಕೊಟ್ಟೂರಿನ ಬೆನಕಪ್ಪನವರದು ಎಣ್ಣೆ ಮಿಲ್ಲು, ಜೊತೆಗೊಂದು ಮುದ್ರಣಾಲಯ. ಕಂಪ್ಯೂಟರಿನ ಬಗ್ಗೆ ಕನ್ನಡ ಪುಸ್ತಕವೇ ಎಂದು ಸುತ್ತಲಿನ ಪ್ರೆಸ್ಸುಗಳೆಲ್ಲ ನಕ್ಕು ಕಳಿಸಿದ ಮೇಲೆ, ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆಂದು ಮುಂದೆ ಬಂದವರು ಅವರೊಬ್ಬರೇ. ಷರತ್ತೂ ಒಂದೇ: ಈ ಐದೂ ಊರಿಗೆ ಮೊದಲ ಮನೆ ಕಂಪ್ಯೂಟರು ತಮ್ಮದೆಂದು ಬರೆಯಬೇಕು. ಅವರು ಕೈಬಿಟ್ಟರೆ ಮೇಡಂ ಅವರ ವರ್ಷಗಳ ಅಲೆದಾಟ ಹಾಳೆಯ ಕಂತೆಯಾಗಿಯೇ ಇಲಿಗಳ ಪಾಲಾಗುವುದರಲ್ಲಿ ಸಂಶಯವಿರಲಿಲ್ಲ.

ನಾವಿಬ್ಬರೂ ನೋಡಲು ಹೋದೆವು. ಕಂಪ್ಯೂಟರು ದೇವರ ಮನೆಯಲ್ಲಿ, ದೇವರನ್ನು ಕೂರಿಸುವ ಜಗಲಿಯ ಮೇಲೆ, ಮೂರೆಳೆ ವಿಭೂತಿ ಧರಿಸಿ, ಹಾರ ಹಾಕಿಸಿಕೊಂಡು ಆಸೀನವಾಗಿತ್ತು. ತೊಂಬತ್ತೆರಡರಲ್ಲಿ ತಂದದ್ದೆಂಬುದು ದಿಟ. ಅದಕ್ಕಿಂತ ಹಳೆಯದು ಎಲ್ಲಿಯೂ ಸಿಕ್ಕಿರಲಿಲ್ಲ.

"ತಂದ ದಿನದಿಂದ ಪೂಜಿ ತಪ್ಪಿಲ್ಲ ಮೇಡಂರಿ," ಎಂದರು ಬೆನಕಪ್ಪ.

"ಸ್ವಿಚ್ ಹಾಕಿದವರು ಯಾರ್ರಿ?"

"ಜಗಲಿ ಮ್ಯಾಲಿಂದಕ್ಕ ಯಾರು ಸ್ವಿಚ್ ಹಾಕ್ತಾರ್ರಿ? ಶಾಂತಂ ಪಾಪಂ."

ಮೇಡಂ ಬೆರಳುಗಳು ಗೋಡೆಯ ಮೇಲೆ ಟಕಟಕ ಎಂದವು. "ಹಂಗಾದ್ರ ಇದು ನಿಮ್ಮ ಮನಿದೇವರು, ಬೆನಕಪ್ಪಾರ. ನಾ ಬರಿಯಾಕ ಹತ್ತಿದ್ದು ಕಂಪ್ಯೂಟರಿನ ಇತಿಹಾಸ. ಮೊದಲ್ನೇದು ಅಂತ ಬರಿಯಾಕ ಬರಂಗಿಲ್ಲ."

"ನನ್ನ ಪ್ರೆಸ್ಸಿಗೂ ಅಚ್ಚು ಹಾಕಾಕ ಬರಂಗಿಲ್ಲ."

ನಾನು ಕೋಟಿನ ತೋಳು ಜಗ್ಗಿ, ಒಂದು ಸಾಲಲ್ಲವೇ, ಬರೆದುಬಿಡಿ ಎಂದು ಪಿಸುಗುಟ್ಟಿದೆ.

"ಒಂದು ಸಾಲು ಸುಳ್ಳಾದ್ರ ಉಳಿದದ್ದನ್ನ ಯಾರು ನಂಬ್ತಾರ್ರಿ ಸರ? ನಿಮ್ಮ ಮಾತು ಬ್ಯಾರೆ. ನಿಮ್ಮನ್ನ ಮೊದಲಿಂದನೂ ಯಾರೂ ನಂಬಿಲ್ಲ, ನಷ್ಟ ಇಲ್ಲ."

ಹೀಗೆ ಹೇಳಿ ಪುಸ್ತಕದ ಆಸೆಯನ್ನು ಅಲ್ಲಿಯೇ ಬಿಟ್ಟು, ಮೇಡಂ ಹೊಸ್ತಿಲು ದಾಟಲು ಹೊರಟಾಗ, ಅಡುಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ಬೆನಕಪ್ಪನವರ ಪತ್ನಿ ಅನ್ನದಾನಮ್ಮ ಬಾಯಿ ಬಿಟ್ಟರು.

"ಕುಂದರ್ರಿ ಮೇಡಂ. ಸ್ವಿಚ್ ನಾ ಹಾಕೀನಿ."

"ಯಾವ ಸ್ವಿಚ್ಚಬೇ?" ಎಂದರು ಬೆನಕಪ್ಪ.

"ದೇವರ ಮುಂದಿನ ಸೀರಿಯಲ್ ದೀಪದ ಪ್ಲಗ್ ತಗದು ಇದರದ್ದು ಹಾಕಿದ್ರ ಹತ್ತತೈತ್ರಿ. ತಂದ ವಾರದಿಂದನೂ ಹಾಕೀನಿ. ನೀವು ಮಿಲ್ಲಿಗೆ ಹೋದ ಮ್ಯಾಲೆ, ಮಧ್ಯಾಹ್ನ ಕರೆಂಟ್ ಇದ್ರ."

ಆಕೆ ತಟ್ಟೆಯಿಟ್ಟು, ಹಾರ ತೆಗೆದು ದೇವರಿಗೆ ಹಾಕಿ, ವಿಭೂತಿಯನ್ನು ಸೆರಗಿನಿಂದ ಒರೆಸಿ, ಪ್ಲಗ್ ಬದಲಿಸಿ, ಬಳೆಗಳನ್ನು ಮೊಣಕೈಗೇರಿಸಿ ಕೂತರು. ಪರದೆಯ ಮೇಲೆ ಬಂದದ್ದು, ಮೇಲಿಂದ ಬೀಳುವ ಇಟ್ಟಿಗೆಗಳನ್ನು ಸಾಲು ಹೊಂದಿಸುವ ಆಟ. ಆಕೆ ಆಡಿದ ಪರಿಯನ್ನು ಏನೆಂದು ಬಣ್ಣಿಸಲಿ? ಇಟ್ಟಿಗೆಗಳು ಆಕೆಯ ಮುಖ ಕಂಡು ಮೇಲೆಯೇ ಸಾಲಾಗಿ ನಿಂತು, ಅಪ್ಪಣೆ ಪಡೆದು ಇಳಿಯುತ್ತಿದ್ದವು. ಯಂತ್ರ ಹೊಂದಿಸಲು ಬಂದಿದ್ದ ಹುಬ್ಬಳ್ಳಿಯ ಇಂಜಿನಿಯರು ಈ ಆಟವನ್ನು ತೋರಿಸಿ ಹೋದದ್ದಂತೆ. ಅಂದು ಸಂಜೆಯೇ ಯಜಮಾನರು ಅದನ್ನು ಜಗಲಿಗೇರಿಸಿದರಂತೆ.

"ಮನಿಯವರಿಗೆ ಯಾಕ ಹೇಳಲಿಲ್ಲ ತಾಯಿ?" ಎಂದರು ಮೇಡಂ.

"ಮೈಲಿಗಿ ಅಂತಿದ್ರು. ನಾ ದಿನಾ ಜಳಕ ಮಾಡೇ ಆಡೀನ್ರಿ."

ಬೆನಕಪ್ಪ ಕಂಬಕ್ಕೊರಗಿದರು. "ಇಷ್ಟು ವರ್ಷ ನಾ ಆರತಿ ಎತ್ತಿದ್ದು ಇಕಿ ಆಟದ ಸಾಮಾನಿಗೇನು?"

"ಮೊದಲ್ನೇದು ನಿಮ್ಮ ಮನೀದ," ಎಂದರು ಮೇಡಂ. "ಬರೀತೀನಿ. ಆದ್ರ ಹೆಸರು ಅನ್ನದಾನಮ್ಮಾರದು. ಅಚ್ಚು ಹಾಕೋದು ಬಿಡೋದು ನಿಮಗ ಬಿಟ್ಟಿದ್ದು."

ಬೆನಕಪ್ಪ ಹೆಂಡತಿಯ ಕಡೆ ನೋಡಿದರು. ಆಕೆಗೆ ತಿರುಗಿ ನೋಡಲು ಪುರುಸೊತ್ತಿರಲಿಲ್ಲ, ಇಟ್ಟಿಗೆ ಬೀಳುತ್ತಿತ್ತು.

"ದಪ್ಪಕ್ಷರದಾಗ ಹಾಕ್ತೀನಿ," ಎಂದರು ಆತ. "ನಂದು ಕೆಳಗ ಸಣ್ಣಕ್ಷರದಾಗ ಇರ್ಲಿ. ತಂದುಕೊಟ್ಟವರು ಅಂತ."

ಪುಸ್ತಕ ಎರಡು ಸಾವಿರದ ನಾಲ್ಕರಲ್ಲಿ ಬಂತು. ಕಾನಹೊಸಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಓದುತ್ತಾ ಕೂತು ಮೂರು ಬಸ್ಸು ತಪ್ಪಿಸಿಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ, ಆ ಬಸ್ಸು ತಪ್ಪಿಸಿಕೊಂಡವನು ನಾನೇ.

ಯಂತ್ರವನ್ನು ನಿರ್ಮಿಸಿದವರ ಹೆಸರನ್ನು ಲೋಕ ತಾನಾಗಿ ನೆನಪಿಡುತ್ತದೆ, ಅದಕ್ಕೆ ಯಾರ ಶ್ರಮವೂ ಬೇಡ. ಆ ಯಂತ್ರ ಮನೆಯೊಳಗೆ ಬಂದಾಗ ಹೆದರದೆ ಅದರ ಜೊತೆ ಮೊದಲು ಸಲಿಗೆ ಬೆಳೆಸಿದವರನ್ನು ಹುಡುಕಿ ಹೊರಡುವವರು ಶತಮಾನಕ್ಕೊಬ್ಬರು. ಅಂಥವರು ಬಿಸಿಲು ಕುಡಿದು ಅಲೆಯುತ್ತಾರೆ, ಉಪಕಾರ ಮಾಡಬಂದವರನ್ನೇ ಎದುರು ಹಾಕಿಕೊಳ್ಳುತ್ತಾರೆ, ಒಂದು ಸಾಲಿನ ನಿಜಕ್ಕಾಗಿ ಪುಸ್ತಕವನ್ನೇ ಕಳೆದುಕೊಳ್ಳಲು ಸಿದ್ಧರಾಗುತ್ತಾರೆ. ಅವರು ಬಂದು ಹೋದ ಊರಿನಲ್ಲಿ, ಬಾಗಿಲ ಮರೆಯಲ್ಲಿ ನಿಂತವರಿಗೂ, ತಾವು ಇಷ್ಟು ದಿನ ಚರಿತ್ರೆಯ ಒಳಗೇ ಇದ್ದೆವೇನೋ ಎಂಬ ಹೆಮ್ಮೆಯ ಅನುಮಾನವೊಂದು ಹುಟ್ಟಿಬಿಡುತ್ತದೆ.